ಅದು ನವರಂಗ, ಪಂಜರ ಬೇಡ

ಅಕ್ಕಾರೇ, ಬಿದ್ದ ಹಕ್ಕಿಯ ಫೋಟೋ ಹಾಕಿ ಇದು ಯಾವುದು, ಏನು ಮಾಡಲಿ ಅಂತ ಕೇಳಿದ್ದೀರಿ. ಗಾಬರಿಯಾಗಬೇಡಿ. ಧಾರವಾಡದ ಮಾಳಮಡ್ಡಿಯ ನಿಮ್ಮ ಮನೆ ಕಿಟಕಿ ಗಾಜಿಗೆ ಬಡಿದು ಬಿದ್ದಿರುವುದು ಯಾರೋ ಸಾಕಿದ ಹಕ್ಕಿಯಲ್ಲ. ಮೇಲಿನ ಕಾಮೆಂಟಿನಲ್ಲಿ ಒಬ್ಬರು ಮಿಂಚುಳ್ಳಿ ಅಂದಿದ್ದಾರೆ, ಅದೂ ಅಲ್ಲ. ಮಿಂಚುಳ್ಳಿಗೆ ಉದ್ದ ಕೊಕ್ಕು. ನಿಮ್ಮ ಫೋಟೋದಲ್ಲಿ ಕಾಡಿಗೆ ತೀಡಿದಂಥ ಕಣ್ಣಿನ ಕಪ್ಪು ಪಟ್ಟಿ, ಹಸಿರು ಬೆನ್ನು, ಮೋಟು ಬಾಲದ ಕೆಳಗೆ ಕುಂಕುಮದ ಕೆಂಪು ಇದೆ ನೋಡಿ. ಅದು ನವರಂಗ ಅನ್ನೋ ಕಾಡುಹಕ್ಕಿ, ಇಂಗ್ಲಿಷಿನಲ್ಲಿ ಇಂಡಿಯನ್ ಪಿಟ್ಟಾ.

ಮೊದಲು ಒಂದು ರಟ್ಟಿನ ಡಬ್ಬಿಗೆ ನಾಲ್ಕು ತೂತು ಹಾಕಿ, ಹಳೇ ಬಟ್ಟೆ ಹಾಸಿ, ಹಕ್ಕಿಯನ್ನು ಒಳಗಿಟ್ಟು ಮುಚ್ಚಿ. ಕತ್ತಲಾದ, ಸದ್ದಿಲ್ಲದ ಕೋಣೆಯಲ್ಲಿಡಿ. ಮಕ್ಕಳು ಪದೇ ಪದೇ ತೆಗೆದು ನೋಡಬಾರದು. ಕೊಕ್ಕು ಬಿಡಿಸಿ ನೀರು ಹನಿಸಲೇಬೇಡಿ, ಉಸಿರಾಟದ ದಾರಿಗೆ ಹೋದರೆ ಮುಗೀತು. ಜೋಳದ ನುಚ್ಚು ಹಾಕಿದ್ದೀರಿ, ತೆಗೆದುಬಿಡಿ. ಇದು ಹುಳ ತಿನ್ನುವ ಹಕ್ಕಿ. ಒಂದೆರಡು ತಾಸಿನ ಮೇಲೆ ಡಬ್ಬಿಯೊಳಗೆ ಓಡಾಡುವ ಸದ್ದು ಬಂದರೆ, ಹಿತ್ತಲಿನ ಗಿಡದ ಬುಡದಲ್ಲಿ ಮುಚ್ಚಳ ತೆಗೆದು ದೂರ ಸರಿಯಿರಿ. ರೆಕ್ಕೆ ಜೋತುಬಿದ್ದಿದ್ದರೆ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ. ಅಂದಹಾಗೆ, ಫೋಟೋದ ಮೂಲೆಯಲ್ಲಿ ಬೆಕ್ಕಿನ ಬಾಲ ಕಾಣಿಸ್ತಿದೆ. ಅದನ್ನು ಇವತ್ತು ಒಳಗೇ ಕೂಡಿಹಾಕಿ.

ಪಂಜರದಲ್ಲಿ ಇಟ್ಟುಕೊಳ್ಳಬಹುದಾ ಅಂತ ಕೇಳಿದ್ದೀರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ತಪ್ಪು. ಕಾಯ್ದೆ ಹಾಗಿರಲಿ, ಸಣ್ಣವನಿದ್ದಾಗ ನಾನೇ ಒಂದನ್ನು ಗಿಳಿ ಪಂಜರದಲ್ಲಿಟ್ಟಿದ್ದೆ. ರಾತ್ರಿಯೆಲ್ಲ ತಂತಿಗೆ ತಲೆ ಬಡಿದುಕೊಂಡಿತ್ತು. ಬೆಳಗ್ಗೆ ನೋಡಿದರೆ ಹಣೆಯೆಲ್ಲ ರಕ್ತ. ಇವು ರಾತ್ರಿ ಹೊತ್ತು ವಲಸೆ ಹೋಗುವ ಹಕ್ಕಿಗಳು ಅಂತ ಆಗ ನನಗೆಲ್ಲಿ ಗೊತ್ತಿತ್ತು!

ಮಳೆಗಾಲದಲ್ಲಿ ಹಿಮಾಲಯದ ತಪ್ಪಲು, ಮಧ್ಯ ಭಾರತದ ಗುಡ್ಡಗಾಡು, ಪಶ್ಚಿಮ ಘಟ್ಟದ ಕೆಲವು ಕಡೆ ಮರಿ ಮಾಡುತ್ತವೆ. ಗೂಡು ಚೆಂಡಿನಂತೆ ದುಂಡಗೆ, ಬಾಗಿಲು ಮಗ್ಗುಲಿಗೆ. ಚಳಿಗಾಲಕ್ಕೆ ದಕ್ಷಿಣಕ್ಕೆ ಇಳಿಯುತ್ತವೆ, ಶ್ರೀಲಂಕಾದವರೆಗೂ. ದಸರಾ ಮುಗಿದ ಮೇಲೆ ಹೀಗೆ ದಣಿದು ಮನೆಗಳಿಗೆ ನುಗ್ಗುವುದು ಅದಕ್ಕೇ. ಇಷ್ಟು ಬಣ್ಣವಿದ್ದೂ ಕಣ್ಣಿಗೆ ಬೀಳುವುದು ಅಪರೂಪ. ಬೆಳಗ್ಗೆ, ಸಂಜೆ ಎರಡು ಸ್ವರದ ಸಿಳ್ಳು ಹಾಕುತ್ತದೆ, ಅಷ್ಟೇ. ತಮಿಳರು ಅದನ್ನು ಆರು ಗಂಟೆಯ ಹಕ್ಕಿ ಅಂತಲೇ ಕರೆಯುತ್ತಾರೆ.

ಹೋದ ವರ್ಷ ಸಪ್ತಾಪುರದ ನಮ್ಮ ಹಿತ್ತಲಿನಲ್ಲಿ, ಮಾವಿನ ಗಿಡದ ಕೆಳಗೆ ಒಂದು ನವರಂಗ ಹದಿನೆಂಟು ದಿನ ಇತ್ತು. ಎರಡು ಜಿಗಿತ, ಆಮೇಲೆ ಕಲ್ಲಿನ ಹಾಗೆ ನಿಲ್ಲುವುದು. ಮೋಟು ಬಾಲ ಮಾತ್ರ ಮೆಲ್ಲಗೆ ಮೇಲೆ ಕೆಳಗೆ. ಕೊಕ್ಕಿನಿಂದ ಒಂದು ಒಣ ಎಲೆ ಎತ್ತಿ ಪಕ್ಕಕ್ಕೆ ಎಸೆಯುವುದು, ಇನ್ನೊಂದು ಎಲೆ, ಮತ್ತೊಂದು. ಎರೆಹುಳು ಸಿಕ್ಕರೆ ಹಗ್ಗ ಜಗ್ಗಿದಂತೆ ಹಿಂದೆ ವಾಲಿ ಎಳೆಯುವುದು. ರಾತ್ರಿ ಮಾತ್ರ ಗಿಡದ ಮೇಲೆ ಮಲಗುತ್ತಿತ್ತು.

ಹಾಗಾಗಿ ನಿಮ್ಮ ಹಿತ್ತಲಿನ ತರಗೆಲೆಯನ್ನು ಸುಮ್ನೆ ಬಿಡಿ, ಗುಡಿಸಿ ಬೆಂಕಿ ಹಚ್ಚಬೇಡಿ. ಹತ್ತೊಂಬತ್ತನೇ ದಿನ ನಮ್ಮ ಮನೆಯವರು ದೀಪಾವಳಿ ಬಂತು ಅಂತ ಎಲ್ಲ ಗುಡಿಸಿ ಚೊಕ್ಕ ಮಾಡಿದರು. ಮರುದಿನ ಹಕ್ಕಿ ಪಕ್ಕದ ಮನೆಯವರ ಕಸದ ಹಿತ್ತಲಿನಲ್ಲಿತ್ತು.