ಚೀನೀ ಬ್ರಷ್ ಬರವಣಿಗೆ: ಗೆರೆಯ ಒಂದು ಅಂಚು ಮಾತ್ರ ಒರಟಾಗಿ ಬರುತ್ತದೆ, ಯಾಕೆ? ‘ಯೋಂಗ್’ (永) ಅಕ್ಷರದಿಂದಲೇ ಕಲಿಯಬೇಕಾ?

ಬ್ರಷ್ಷನ್ನು ಬೈಯಬೇಡಿ, ನೀವು ಅದನ್ನು ಮಲಗಿಸಿ ಎಳೆಯುತ್ತಿದ್ದೀರಿ. ವಾಲಿಸಿ ಹಿಡಿದರೆ ತುದಿ ಗೆರೆಯ ಒಂದು ಬದಿಯಲ್ಲಿ ಓಡುತ್ತದೆ, ಆ ಅಂಚು ನುಣ್ಣಗಿರುತ್ತದೆ. ಇನ್ನೊಂದು ಬದಿಯಲ್ಲಿ ಕೂದಲಿನ ಹೊಟ್ಟೆ ಪೊರಕೆಯ ಹಾಗೆ ಸವರಿಕೊಂಡು ಹೋಗುತ್ತದೆ, ಒರಟು ಬರುವುದು ಅಲ್ಲೇ. ತುದಿ ಗೆರೆಯ ನಟ್ಟನಡುವೆ ಸಾಗಬೇಕು. ಚೀನೀಯರು ಇದನ್ನು ‘ಝೋಂಗ್‌ಫೆಂಗ್’ ಅಂತಾರೆ. ನನ್ನ ಪ್ರಕಾರ ಮೊದಲ ಕೆಲವು ತಿಂಗಳು ಇದೊಂದನ್ನೇ ಕಲಿತರೂ ಸಾಕು.

ಬ್ರಷ್ ನೆಟ್ಟಗಿರಲಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಹಿಡಿಯಲಿ. ಉಂಗುರ ಬೆರಳು ಒಳಗಿನಿಂದ ಹೊರಕ್ಕೆ ಒತ್ತಲಿ, ಕಿರುಬೆರಳು ಅದಕ್ಕೆ ಆಸರೆ. ಅಂಗೈ ಒಳಗೆ ಖಾಲಿ ಜಾಗ ಇರಬೇಕು. ದೊಡ್ಡ ಅಕ್ಷರವಾದರೆ ಮಣಿಕಟ್ಟನ್ನು ಮೇಜಿನಿಂದ ಎತ್ತಿ ಬರೆಯಿರಿ.

ಅಡ್ಡಗೆರೆ ಎಡದಿಂದ ಬಲಕ್ಕೆ ತಾನೇ? ಆದರೂ ಮೊದಲು ತುದಿಯನ್ನು ಒಂದಿಷ್ಟು ಎಡಕ್ಕೆ ತಳ್ಳಿ, ಒತ್ತಿ, ಆಮೇಲೆ ಬಲಕ್ಕೆ ಹೊರಡಿ. ಹೀಗೆ ತುದಿ ಒಳಗೆ ಅಡಗುತ್ತದೆ. ಕೊನೆಯಲ್ಲೂ ಸುಮ್ನೆ ಎತ್ತಿಬಿಡಬೇಡಿ, ಬಂದ ದಾರಿಯಲ್ಲೇ ಚೂರು ಹಿಂದಕ್ಕೆ ತನ್ನಿ. ತಿರುವು ಬಂದಾಗ ನಿಂತು, ಸ್ವಲ್ಪ ಎತ್ತಿ, ಕೂದಲು ಒಟ್ಟಾದ ಮೇಲೆ ಹೊಸ ದಿಕ್ಕಿಗೆ ಒತ್ತಿ. ಕೂದಲು ಸೀಳಿದರೆ ಮಸಿಕಲ್ಲಿನ (ಮಸಿ ತೇಯುವ ಕಲ್ಲು) ಅಂಚಿಗೆ ಸವರಿ ಸರಿಮಾಡಿಕೊಳ್ಳಿ. (ಓಡುಬರಹದಲ್ಲಿ ನುರಿತವರು ಬೇಕೆಂದೇ ಓರೆ ತುದಿ ಬಳಸುತ್ತಾರೆ. ಅದು ಆಮೇಲಿನ ಮಾತು.)

ಬ್ರಷ್ ಬರೀ ಮೇಕೆ ಕೂದಲಿನದಾದರೆ ತುಂಬಾ ಮೆತ್ತಗೆ, ಒತ್ತಿದ್ದು ಹಿಂದಕ್ಕೆ ಪುಟಿಯುವುದಿಲ್ಲ. ಮಿಶ್ರ ಕೂದಲಿನದು ತಗೊಳ್ಳಿ. ಬ್ರಷ್ ಬರವಣಿಗೆಗೆಂದೇ ಇರುವ ದುಬಾರಿ ಶುವಾನ್ ಕಾಗದ ಈಗಲೇ ಬೇಡ, ಅದು ಮಸಿಯನ್ನು ಬೇಗ ಹೀರಿ ಹರಡಿಸುತ್ತದೆ. ಅಗ್ಗದ ಬಿದಿರಿನ ಕಾಗದ, ಬಾಟಲಿ ಮಸಿ ಸಾಕು.

ಇನ್ನು ‘ಯೋಂಗ್’. ಅದರಲ್ಲಿ ಎಂಟು ಬಗೆಯ ಗೆರೆ ಇವೆ ಅನ್ನುವುದು ನಿಜ. ಹೆಸರಾಂತ ಚೀನೀ ಲಿಪಿಕಾರ ವಾಂಗ್ ಶಿಝಿ 353ರಲ್ಲಿ ಬರೆದ ‘ಲಾಂತಿಂಗ್ ಮುನ್ನುಡಿ’ಯ ಮೊದಲ ಅಕ್ಷರವೂ ಅದೇ. ಆದರೆ ಎಂಟು ಕಷ್ಟವೂ ಒಂದೇ ಅಕ್ಷರದಲ್ಲಿ ಕೂತಿವೆ, ಹೊಸಬರಿಗೆ ಜಾಸ್ತಿಯಾಯಿತು. ಮೊದಲು ಅಡ್ಡಗೆರೆ, ಉದ್ದಗೆರೆ. ಆಮೇಲೆ ಇನ್ನೊಬ್ಬ ಲಿಪಿಕಾರ ಯಾನ್ ಝೆನ್‌ಚಿಂಗ್ 779ರಲ್ಲಿ ಬರೆದ, ಈಗ ಶಿಯಾನ್ ನಗರದ ಶಿಲಾಶಾಸನ ಸಂಗ್ರಹಾಲಯದಲ್ಲಿರುವ ಯಾನ್ ಚಿನ್‌ಲಿ ಶಾಸನದ ಅಚ್ಚನ್ನು ನೋಡಿ ಬರೆಯಿರಿ. ಗೆರೆಗಳು ದಪ್ಪ, ತುದಿ ಎಲ್ಲಿ ಹೊಕ್ಕಿತು, ಎಲ್ಲಿ ಹಿಂದಿರುಗಿತು ಅಂತ ಕಣ್ಣಿಗೆ ಕಾಣುತ್ತದೆ. ಮತ್ತೊಬ್ಬ ಹಳೆಯ ಲಿಪಿಕಾರ ಓಯಾಂಗ್ ಶುನ್ ಅವರ ಅಕ್ಷರ ನನಗೆ ಇನ್ನೂ ಇಷ್ಟ, ಆದರೆ ಅದು ತುಂಬಾ ಬಿಗಿ. ಒಂದು ಗೆರೆ ಕೂದಲೆಳೆಯಷ್ಟು ಸರಿದರೂ ಇಡೀ ಅಕ್ಷರ ವಾಲುತ್ತದೆ. ಅದನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.