‘ನೆನಪಿಲ್ಲ’ ಎಂದರೆ ಸುಳ್ಳಾಗುತ್ತದೆಯೇ?

ಪ್ರಶ್ನೆ: ಸ್ವರ್ಣಾ ನದಿಯ ದಡದಲ್ಲಿ ನನ್ನದೊಂದು ಗೂಡಂಗಡಿ. ಹೋದ ವರ್ಷ ಒಂದು ರಾತ್ರಿ, ಪರವಾನಗಿಯಿಲ್ಲದೆ ಮರಳು ತುಂಬಿದ್ದ ಟಿಪ್ಪರನ್ನು ಪೊಲೀಸರು ಹಿಡಿದಾಗ ಪಂಚನಾಗಿ (ಸ್ಥಳದ ಸಾಕ್ಷಿಯಾಗಿ) ಅವರು ಅಲ್ಲೇ ಬರೆದ ಮಹಜರಿಗೆ ಸಹಿ ಹಾಕಿದೆ. ಈಗ ಸಮನ್ಸ್ ಬಂದಿದೆ. ಟಿಪ್ಪರಿನ ಧಣಿಯೇ ನನ್ನ ಅಂಗಡಿ ಜಾಗದ ಯಜಮಾನರು. ‘ಸುಳ್ಳು ಹೇಳುವುದು ಬೇಡ ಮಾರಾಯ, ನೆನಪಿಲ್ಲ ಎಂದರೆ ಸಾಕು’ ಎನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ಉಡುಪಿ

ಉತ್ತರ: ನೆನಪಿದ್ದೂ ನೆನಪಿಲ್ಲವೆಂದರೆ ಅದು ಸುಳ್ಳೇ. ಸಾಕ್ಷಿಗಳಿಗೆ ಪ್ರಮಾಣವಚನ ಬೋಧಿಸುತ್ತಲೇ ನಿವೃತ್ತನಾದ ಕೋರ್ಟು ಗುಮಾಸ್ತ ನಾನು. ‘ಸಹಿ ನನ್ನದೇ, ಆದರೆ ಠಾಣೆಯಲ್ಲಿ ಹಾಕಿಸಿಕೊಂಡರು’ ಎಂಬ ಮಾತನ್ನು ಎಷ್ಟು ಬಾರಿ ಕೇಳಿದ್ದೇನೋ! (ಕೆಲವೊಮ್ಮೆ ಅದು ನಿಜವೂ ಆಗಿರುತ್ತಿತ್ತು ಎನ್ನಿ.)

ಇಂಥದ್ದೇ ಒಂದು ಪ್ರಕರಣದಲ್ಲಿ ಮೀನು ಮಾರುವ ಹೆಂಗಸೊಬ್ಬರು ಸಾಕ್ಷಿಗೆ ಬಂದಿದ್ದರು. ಲಾರಿಯ ಬಣ್ಣ ಯಾವುದು ಎಂದು ವಕೀಲರು ಕೇಳಿದರು. ‘ಕತ್ತಲಲ್ಲಿ ಕಾಣಲಿಲ್ಲ.’ ನಂಬರು? ‘ಓದಲು ಬರುವುದಿಲ್ಲ.’ ಹಾಗಾದರೆ ನೋಡಿದ್ದೇನು? ‘ಲಾರಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊಳೆಯಿಂದ ಆಗಷ್ಟೇ ತೆಗೆದ ಮರಳು.’ ವಕೀಲರು ಕುಳಿತರು. ಆಕೆ ಧಣಿ ಕಳ್ಳ ಎನ್ನಲಿಲ್ಲ. ನೀವೂ ಎನ್ನಬೇಕಾಗಿಲ್ಲ. ಅಂದು ಎಲ್ಲಿ ನಿಂತಿದ್ದಿರಿ, ಏನು ಕಂಡಿರಿ, ಎಲ್ಲಿ ಸಹಿ ಹಾಕಿದಿರಿ, ಇಷ್ಟೇ. ನಿಜಕ್ಕೂ ಮರೆತಿರುವುದನ್ನು ಮರೆತಿದ್ದೇನೆ ಎನ್ನಿ.

ಕೋರ್ಟಿನಲ್ಲಿ ತಿಳಿದೂ ಸುಳ್ಳು ಸಾಕ್ಷ್ಯ ನುಡಿದರೆ ಭಾರತೀಯ ನ್ಯಾಯ ಸಂಹಿತೆಯ 229ನೇ ಕಲಮಿನಡಿ 7 ವರ್ಷದವರೆಗೆ ಶಿಕ್ಷೆಯಿದೆ. ಹಾಗೆ ನುಡಿಯುವಂತೆ ಬೆದರಿಸಿದವರಿಗೂ 232ನೇ ಕಲಮಿನಡಿ ಅಷ್ಟೇ. ಎರಡನೆಯದನ್ನು ಧಣಿಗೆ ಯಾರೂ ಹೇಳಿದಂತಿಲ್ಲ. ಅವರ ಕಡೆಯವರು ಬಂದ ದಿನ, ಹೊತ್ತು, ಆಡಿದ ಮಾತನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ವಿಚಾರಣೆಗೆ ಮೊದಲೇ ಸರ್ಕಾರಿ ಅಭಿಯೋಜಕರನ್ನು ಕಂಡು ತಿಳಿಸಿ.

ಅಂಗಡಿಯ ಬಗ್ಗೆ ಮಾತ್ರ ಸಮಾಧಾನ ಹೇಳಲಾರೆ. ಬಿಡಿಸಲು ನೋಡಬಹುದು. ಬಾಡಿಗೆ ಕರಾರು ಹುಡುಕಿಡಿ. ಈ ತಿಂಗಳಿನಿಂದಲೇ ಬಾಡಿಗೆಯನ್ನು ಕೈಯಲ್ಲಿ ಕೊಡದೆ ಬ್ಯಾಂಕಿನ ಮೂಲಕ ಕಟ್ಟಿ. ಮನೆಯವರಿಗೂ ಈಗಲೇ ವಿಷಯ ತಿಳಿಸಿ. ಸಾಕ್ಷಿ ನುಡಿದು ಬಂದ ರಾತ್ರಿ ಹೇಳುವ ವಿಷಯವಲ್ಲ ಇದು.

ಕೊನೆಗೆ ಗುಮಾಸ್ತನ ಒಂದು ಗುಟ್ಟು. ಪ್ರಶ್ನೆ ಯಾರೇ ಕೇಳಲಿ, ನ್ಯಾಯಾಧೀಶರ ಕಡೆ ತಿರುಗಿ ಉತ್ತರಿಸಿ. ಆರೋಪಿ ನಿಂತಿರುವುದು ಹಿಂದೆ. ಅವರ ಮುಖ ನಿಮಗೆ ಕಾಣಿಸುವುದೇ ಇಲ್ಲ.