ಹಳೆಯ ಹಂಟರ್ ಯುದ್ಧವಿಮಾನದ ಮಾಡೆಲ್ ಕಿಟ್‌ನ ಕಾಕ್‌ಪಿಟ್‌ಗೆ (ಪೈಲಟ್ ಕೂರುವ ಜಾಗಕ್ಕೆ) ತೆಳು ತಗಡಿನ ಬಿಡಿಭಾಗಗಳ ಹಿತ್ತಾಳೆ ಸೆಟ್ ತರಿಸಲೇ, ಎಲ್ಲ ಕೈಯಲ್ಲೇ ಮಾಡಲೇ?

ಎರಡೂ ಬೇಡ. ಮೊದಲು ಕ್ಯಾನೊಪಿ, ಅಂದರೆ ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ ನೋಡಿ.

ನಾನೂ ಇದೇ 1:72ರ (ನಿಜ ವಿಮಾನದ 72ನೇ ಒಂದು ಅಳತೆಯ) ಹಳೆಯ ಏರ್‌ಫಿಕ್ಸ್ ಕಂಪನಿಯ ಹಂಟರ್ ಹಿಡಿದುಕೊಂಡು ಬದಿಯಡ್ಕದ ಮನೆಯಲ್ಲಿ ಒಂದು ಮಳೆಗಾಲವಿಡೀ ಕೂತವನು. 1971ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಿಂದ ಹಾರಿ ಲೋಂಗೆವಾಲಾದಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನು ಹೊಡೆದ ಹಂಟರ್ ಮಾಡುವ ಆಸೆ ನನಗೆ. ತೋಟದ ಪಂಪು ರಿಪೇರಿ ಮಾಡುವ ಅಂಗಡಿಯಿಂದ ಮೋಟಾರಿನ ತೆಳ್ಳಗಿನ ತಾಮ್ರದ ತಂತಿ ತಂದೆ. ಹಳೆಯ ಪ್ಲಾಸ್ಟಿಕ್ ಕಾರ್ಡ್ ಕತ್ತರಿಸಿ ಎರಡೂ ಬದಿಯ ಪ್ಯಾನೆಲ್, ಸ್ವಿಚ್ಚು, ಥ್ರಾಟಲ್ ಎಲ್ಲ ಮಾಡಿದೆ. ಚೆನ್ನಾಗಿಯೇ ಬಂತು.

ಕೆಟ್ಟದ್ದು ಅಂಟಿನಲ್ಲಿ. ಪ್ಲಾಸ್ಟಿಕ್ ಸಿಮೆಂಟ್ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ, ತಾಮ್ರವನ್ನು ಹಿಡಿಯುವುದಿಲ್ಲ. ಹಾಗಾಗಿ ತಂತಿಗೆಲ್ಲ ಸೂಪರ್ ಗ್ಲೂ ಹಾಕಿದೆ. ಅಲ್ಲಿಯವರೆಗೆ ಸರಿ. ಅದೇ ಸಂಜೆ ಕ್ಯಾನೊಪಿ ಅಂಟಿಸಿಬಿಟ್ಟೆ, ಅದೇ ತಪ್ಪು. ಸೂಪರ್ ಗ್ಲೂ ಗಟ್ಟಿಯಾಗುವುದು ಗಾಳಿಯಲ್ಲಿರುವ ತೇವದಿಂದ. ಪೂರ್ತಿ ಗಟ್ಟಿಯಾಗುವವರೆಗೂ ಅದರಿಂದ ಆವಿ ಏಳುತ್ತಿರುತ್ತದೆ. ಆ ಆವಿಯೂ ತೇವಕ್ಕೆ ಗಟ್ಟಿಯಾಗಿ, ಹತ್ತಿರ ಏನಿದೆಯೋ ಅದರ ಮೇಲೆ ಬಿಳಿ ಪದರವಾಗಿ ಕೂರುತ್ತದೆ. ಆಟಿ ತಿಂಗಳು ಬೇರೆ, ನಮ್ಮ ಕಡೆ ಗೋಡೆಯೂ ಒದ್ದೆ. ಮುಚ್ಚಿದ ಕಾಕ್‌ಪಿಟ್‌ನಿಂದ ಆವಿ ಹೋಗುವುದಾದರೂ ಎಲ್ಲಿಗೆ? ಬೆಳಿಗ್ಗೆ ನೋಡಿದರೆ ಕ್ಯಾನೊಪಿ ಒಳಗಡೆ ಹಾಲು ಬಳಿದ ಹಾಗೆ ಬೆಳ್ಳಗಾಗಿತ್ತು. ಹೊರಗಿನಿಂದ ಒರೆಸಿದರೆ ಹೋಗುವುದಲ್ಲ ಅಲ್ವಾ. ಬ್ಲೇಡ್ ತೂರಿಸಿ ಎಬ್ಬಿಸಲು ಹೋದೆ, ಒಡೆಯಿತು.

ಕೊನೆಗೆ ಮರದ ತುಂಡನ್ನು ಅದೇ ಆಕಾರಕ್ಕೆ ಕೆತ್ತಿದೆ. ಅದನ್ನು ನೀರಿನ ಬಾಟಲಿಯೊಳಗೆ ಇಟ್ಟು, ಬಿಸಿಗಾಳಿ ಬಿಟ್ಟು, ಬಾಟಲಿಯ ಪ್ಲಾಸ್ಟಿಕ್ ಮರಕ್ಕೆ ಅಂಟುವಂತೆ ಕುಗ್ಗಿಸಿದೆ. ಕಿಟ್‌ನದ್ದಕ್ಕಿಂತ ತೆಳ್ಳಗಿನ, ಸ್ವಚ್ಛ ಕ್ಯಾನೊಪಿ ಸಿಕ್ಕಿತು. ಅದರ ಮೂಲಕ ನೋಡಿದಾಗ ನನ್ನ ಪ್ಯಾನೆಲ್‌ಗಳು ಒಂದೂ ಕಾಣಲಿಲ್ಲ! ಹಂಟರ್‌ನ ಕಾಕ್‌ಪಿಟ್ ಇಕ್ಕಟ್ಟು, ಒಳಗೆಲ್ಲ ಕಪ್ಪು ಬಣ್ಣ. ಕಣ್ಣಿಗೆ ಬೀಳುವುದು ಸೀಟಿನ ಮೇಲ್ಭಾಗ ಮಾತ್ರ.

ಅದಕ್ಕೇ ಹೇಳುವುದು, ಹಿತ್ತಾಳೆ ಸೆಟ್‌ಗೆ ದುಡ್ಡು ಸುರಿಯಬೇಡಿ, ಪಕ್ಕದ ಪ್ಯಾನೆಲ್‌ಗೆ ರಾತ್ರಿ ನಿದ್ದೆಯನ್ನೂ ಕೆಡಿಸಿಕೊಳ್ಳಬೇಡಿ. ಸೀಟಿನ ತಲೆ ಚೆನ್ನಾಗಿ ಮಾಡಿ. ಆ ಕಾಲದ ಮಾರ್ಟಿನ್-ಬೇಕರ್ ಸೀಟಿನಲ್ಲಿ, ಅಪಾಯದಲ್ಲಿ ಸೀಟು ಸಮೇತ ಹೊರಗೆ ಚಿಮ್ಮಲು ಪೈಲಟ್ ಎಳೆಯುವ ಹಿಡಿಕೆ ತಲೆಯ ಮೇಲಿತ್ತು. ತಂತಿ ಬಗ್ಗಿಸಿ ಹಳದಿ-ಕಪ್ಪು ಪಟ್ಟೆ ಬಳಿದರೆ ದೂರದಿಂದಲೂ ಎದ್ದು ಕಾಣುತ್ತದೆ. ಬೆಲ್ಟಿಗೆ ಮಾಸ್ಕಿಂಗ್ ಟೇಪಿನ ಸಣ್ಣ ಪಟ್ಟಿ ಸಾಕು. ಹಂಟರ್‌ನ ಕ್ಯಾನೊಪಿ ಹಿಂದಕ್ಕೆ ಜಾರುವಂಥದ್ದು, ಹಾಗಾಗಿ ತೆರೆದೇ ಇಡಿ. ಅಂಟಿಸಲು ಬಿಳಿ ಫೆವಿಕಾಲ್ ಹಾಕಿ, ಒಣಗಿದ ಮೇಲೆ ಕಾಣುವುದಿಲ್ಲ.

ಉಳಿದ ಸಮಯವನ್ನು ಹೊರಗೆ ಹಾಕಿ. ಚಕ್ರದ ಬಾಗಿಲು ಒಂದು ಮಿಲಿಮೀಟರ್ ದಪ್ಪ ಇದ್ದರೆ ನಿಜ ವಿಮಾನದಲ್ಲಿ ಅದು 7.2 ಸೆಂಟಿಮೀಟರ್ ಆಗುತ್ತದೆ! ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ ತೆಳ್ಳಗೆ ಮಾಡಿ, ವಿಮಾನವೇ ಬೇರೆ ಕಾಣುತ್ತದೆ. ರೆಕ್ಕೆ ತುದಿಯಲ್ಲಿರುವ, ವೇಗ ಅಳೆಯುವ ಪಿಟೋ ಕೊಳವೆಯನ್ನು ಕಿತ್ತು, ಮೆಡಿಕಲ್ ಶಾಪಿನಲ್ಲಿ ಸಿಗುವ ಇನ್ಸುಲಿನ್ ಸೂಜಿ ಸಿಕ್ಕಿಸಿ. ಚೂಪು ತುದಿಯನ್ನು ಮೊದಲೇ ಅರದಿಂದ ಉಜ್ಜಿಬಿಡಿ, ಮಾಡೆಲ್ ಎತ್ತುವಾಗ ಬೆರಳು ಹೋಗುವುದು ಅಲ್ಲಿಗೇ.